ಕಿವಿಯ ಹಿಂದಿನ ಮೂಳೆ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ವಾಸನೆ. ಡಾಕ್ಟರಮ್ಮ ಪುಟ್ಟ ದೀಪದ ಕೊಳವೆಯನ್ನು ಕಿವಿಗಿಟ್ಟು ಬಗ್ಗಿ ನೋಡುತ್ತಿದ್ದಾಗ ಪಂಪಿನಕ್ಕನಿಗೆ ನೆನಪಾದದ್ದು ಅದು. ಕೋಣೆಯಲ್ಲಿ ಇದ್ದದ್ದು ಸ್ಪಿರಿಟ್ಟಿನ ವಾಸನೆ ಮಾತ್ರ. ಆದರೆ ಅವಳ ಕಣ್ಣ ಮುಂದೆ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ತಲೆ ಓರೆ ಮಾಡಿಕೊಂಡು ಕೂತಿದ್ದಳು. ಅಜ್ಜಿ ಸೌಟಿನಲ್ಲಿ ಎಣ್ಣೆ ಕಾಯಿಸಿ, ಮೊದಲು ಒಂದು ಹನಿಯನ್ನು ತನ್ನ ಮುಂಗೈ ಮೇಲೆ ಬಿಟ್ಟುಕೊಂಡು ಬಿಸಿ ನೋಡಿ, ಆಮೇಲೆ ಸೊಸೆಯ ಕಿವಿಗೆ ಹನಿಸುತ್ತಿದ್ದಳು. ಬೆಳಿಗ್ಗೆ ಎದ್ದು ಎಲ್ಲರೂ ಅಮ್ಮನ ಬೆನ್ನ ಹಿಂದೆ ನಿಂತು ಕರೆದು ನೋಡುತ್ತಿದ್ದರು. ಅಮ್ಮ ತಿರುಗುತ್ತಿರಲಿಲ್ಲ. ಸಂಜೆ ಮತ್ತೆ ಎಣ್ಣೆ.

ಡಾಕ್ಟರಮ್ಮ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು, ಮೂಗಿನ ಮೇಲಿದ್ದ ಬಟ್ಟೆಯನ್ನು ಗಲ್ಲದ ಕೆಳಗೆ ಇಳಿಸಿದರು. ತುಟಿ ಕಾಣಲಿ ಎಂದು ಹಾಗೆ ಮಾಡಿದ್ದೆಂದು ಪಂಪಿನಕ್ಕನಿಗೆ ತಿಳಿಯಿತು. ಅದನ್ನು ತಾನಾಗಿ ಮಾಡುವವರು ಕಡಿಮೆ.

"ಪರದೆ ಚೆನ್ನಾಗಿದೆ. ತೂತಿಲ್ಲ, ಕೀವಿಲ್ಲ. ಈಗ ಇದನ್ನ ನೋಡಿ."

ಎರಡು ಕಾಲಿನ ಒಂದು ಉಕ್ಕಿನ ಕಡ್ಡಿಯನ್ನು ಡಾಕ್ಟರಮ್ಮ ಮೊಣಕೈಗೆ ತಟ್ಟಿ ಅವಳ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಕಡ್ಡಿಯ ಕಾಲುಗಳು ನಡುಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆಮೇಲೆ ಅದರ ಬುಡವನ್ನು ಕಿವಿಯ ಹಿಂದಿನ ಉಬ್ಬು ಮೂಳೆಗೆ ಒತ್ತಿದರು. ತಲೆಯೊಳಗೆಲ್ಲ ಜೇನುಗೂಡು ಎದ್ದಂತೆ ಗುಂಯ್ ಎಂದಿತು. ಪಂಪಿನಕ್ಕ ನಕ್ಕುಬಿಟ್ಟಳು.

"ಯಾಕೆ ನಕ್ಕಿರಿ?"

"ನಾನು ದಿನಾ ಮಾಡೋದೂ ಇದೇ ಡಾಕ್ಟರಮ್ಮ. ನಿಮ್ಮದು ಗೇಣುದ್ದ, ನಂದು ಮೊಳದುದ್ದ."

ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದಿದ್ದಳು. ಅಲ್ಲಿ ಮೂರು ದೊಡ್ಡ ಪಂಪುಗಳಿದ್ದವು. ತಿರುಗುವ ದಂಡವನ್ನು ಹೊತ್ತ ಬೇರಿಂಗುಗಳು ಒಣಗುತ್ತಿವೆಯೋ, ಸವೆಯುತ್ತಿವೆಯೋ ಎಂದು ತಿಳಿಯಲು ಒಂದು ಕಬ್ಬಿಣದ ಸಲಾಕೆಯಿತ್ತು. ಅದರ ಒಂದು ತುದಿಯನ್ನು ಪಂಪಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕೇಳಬೇಕು. ಗಂಡಸರೆಲ್ಲ ಕಿವಿಯ ತೂತಿಗೆ ಹಚ್ಚುತ್ತಿದ್ದರು. ಆರೇಳು ವರ್ಷದಿಂದ ಅವಳು ಕಿವಿಯ ಹಿಂದೆ ಹಚ್ಚುತ್ತಿದ್ದಳು.

"ಹಾಗೆ ಇಡ್ಬೇಕು ಅಂತ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಕಿವಿಗಿಟ್ರೆ ಕೇಳ್ಲಿಲ್ಲ. ಕೇಳೋ ಜಾಗ ಹುಡುಕಿದೆ."

ಡಾಕ್ಟರಮ್ಮ ಒಂದು ಕ್ಷಣ ಅವಳನ್ನೇ ನೋಡಿ, ಒಂದು ಹಾಳೆ ತೆಗೆದು ಚಿತ್ರ ಬರೆದರು. ಪರದೆಯ ಹಿಂದೆ ಒಂದಕ್ಕೊಂದು ಕೊಂಡಿಯಾಗಿ ಮೂರು ಮೂಳೆ. ಕೊನೆಯದು ಅಕ್ಕಿಕಾಳಿಗಿಂತ ಚಿಕ್ಕದು. ಅದರ ಪಾದ ಒಳಗಿವಿಯ ಕಿಟಕಿಯಲ್ಲಿ ಕೂತಿರುತ್ತದೆ. ಸದ್ದು ಬಂದಾಗ ಅದು ಅಲ್ಲಾಡಬೇಕು.

"ನಿಮಗೆ ಒಳಗಿವಿಯ ಸುತ್ತಲಿನ ಮೂಳೆ ಬೇಡದ ಕಡೆ ಬೆಳೆದಿದೆ. ಆ ಪುಟ್ಟ ಮೂಳೆಯ ಪಾದವನ್ನ ಹಿಡ್ಕೊಂಡಿದೆ. ಅದು ಅಲ್ಲಾಡ್ತಿಲ್ಲ."

"ವಾಲ್ವು ಜಾಮ್ ಆಗಿದೆ ಅನ್ನಿ."

"ಜಾಮ್ ಆಗಿದೆ. ನೀರು ಇದೆ, ಮೋಟಾರು ಇದೆ, ವಾಲ್ವು ಮಾತ್ರ ಜಾಮು. ಅದಕ್ಕೇ ತಲೆಬುರುಡೆ ಮೂಲಕ ಒಳಗೆ ಹೋದ ಸದ್ದು ನಿಮಗೆ ಚೆನ್ನಾಗಿ ಕೇಳತ್ತೆ. ಅದ್ಸರಿ, ಗದ್ದಲದಲ್ಲಿ ಜನ ಮಾತಾಡಿದ್ದು ಕೇಳತ್ತಾ?"

ಪಂಪಿನಕ್ಕ ಬೆಚ್ಚಿದಳು. ಮನೆಯಲ್ಲಿ ಅತ್ತೆ ಅವಳನ್ನು ಕಳ್ಳಿ ಎನ್ನುತ್ತಿದ್ದದ್ದು ಇದೇ ಕಾರಣಕ್ಕೆ. 'ಮಿಕ್ಸಿ ತಿರುಗುವಾಗ ಹೇಳಿದ್ದೆಲ್ಲ ಕೇಳತ್ತೆ, ಮನೆ ತಣ್ಣಗಿರುವಾಗ ಕರೆದ್ರೆ ಕೇಳಲ್ಲ. ಇದ್ಯಾವ ಸೀಮೆ ಕಿವುಡು ತಾಯಿ!'

"ಕಳ್ಳತನ ಅಲ್ಲ," ಎಂದರು ಡಾಕ್ಟರಮ್ಮ. "ಗದ್ದಲ ಇದ್ರೆ ಎಲ್ಲರೂ ತಮಗೆ ಗೊತ್ತಿಲ್ದೇ ಧ್ವನಿ ಏರಿಸ್ತಾರೆ. ಬೇರೆಯವರ ಕಿವಿಯನ್ನ ಗದ್ದಲವೇ ತುಂಬಿಬಿಡತ್ತೆ. ನಿಮ್ಮ ಕಿವಿಗೆ ಗದ್ದಲ ಅಷ್ಟು ಬರಲ್ಲ, ಕೂಗಿದ ಮಾತು ಬರತ್ತೆ. ಇದು ಮನೆತನದಲ್ಲೂ ಇಳಿದು ಬರತ್ತೆ. ತಾಯಿಗೆ ಇತ್ತಾ?"

"ಇತ್ತು."

"ಅವರು ತುಂಬಾ ಮೆಲ್ಲಗೆ ಮಾತಾಡ್ತಿದ್ರಾ?"

ಇಡೀ ಬೀದಿ ಅಮ್ಮನನ್ನು ಸಾಧು ಎನ್ನುತ್ತಿತ್ತು. ಇರುವೆಗೂ ನೋವಾಗದ ಹಾಗೆ ಮಾತಾಡುತ್ತಾಳೆ ಎನ್ನುತ್ತಿತ್ತು. "ಕಿವಿಯ ನರ ಹೋದವರು ಕೂಗಿ ಮಾತಾಡ್ತಾರೆ," ಡಾಕ್ಟರಮ್ಮ ಹೇಳುತ್ತಿದ್ದರು, "ಈ ಮೂಳೆ ಬೆಳೆದವರಿಗೆ ತಮ್ಮ ದನಿ ತಲೆಯೊಳಗೆ ಜೋರಾಗಿ ಕೇಳತ್ತೆ. ಕೂಗ್ತಿದೀನೇನೋ ಅನ್ನಿಸಿ ದನಿ ತಗ್ಗಿಸ್ತಾರೆ. ನೀವೂ ಹಾಗೇ ಮಾತಾಡ್ತೀರಿ."

ಅಮ್ಮ ಸಾಧುವೇ ಇದ್ದಿರಬಹುದು. ಆದರೆ ಕೇಳದ್ದಕ್ಕೆಲ್ಲ ನಕ್ಕು ತಲೆಯಾಡಿಸುವುದನ್ನು ಅಮ್ಮ ಅಭ್ಯಾಸ ಮಾಡಿಕೊಂಡಿದ್ದಳು, ಎರಡೆರಡು ಸಲ ಕೇಳಿ ಬೈಸಿಕೊಳ್ಳುವುದಕ್ಕಿಂತ ಅದು ಸುಲಭ ಎಂದು. ಒಂದು ದಿನ ದೊಡ್ಡಪ್ಪ ಜಗಲಿಯಲ್ಲಿ ಕೂತು, ಹುಡುಗಿಯನ್ನು ಇನ್ನು ಶಾಲೆಗೆ ಕಳಿಸುವುದು ಬೇಡ, ಅಲ್ಲವೇ ಎಂದು ಕೇಳಿದಾಗಲೂ ಅಮ್ಮ ನಕ್ಕು ತಲೆಯಾಡಿಸಿದಳು. ಮರುದಿನ ಶಾಲೆಯ ಚೀಲ ಮೊಳೆಯ ಮೇಲೇ ನೇತಾಡುತ್ತಿರುವುದನ್ನು ಕಂಡು, ಹೋಗಲಿಲ್ಲವೇಕೆ ಎಂದು ಮಗಳನ್ನೇ ಕೇಳಿದ್ದಳು.

ಮೇಜಿನ ಮೇಲೆ, ಅವಳನ್ನು ಪರೀಕ್ಷೆಗೆ ಕಳಿಸಿದ ಕಚೇರಿಯ ನಮೂನೆ ಇತ್ತು. ಶ್ರವಣಶಕ್ತಿ: ಇದೆ, ಇಲ್ಲ. ಒಂದನ್ನು ಹೊಡೆದು ಹಾಕಬೇಕು.

"ಸುಮ್ಮನಿರೋ ಕೋಣೇಲಿ ಪರೀಕ್ಷೆ ಮಾಡಿದ್ರೆ ನೀವು ಅರ್ಧಕ್ಕಿಂತ ಕೆಳಗೆ ಬರ್ತೀರಿ. ಅದನ್ನ ನಾನು ಮುಚ್ಚಿಡೋಕಾಗಲ್ಲ. ಆಪರೇಷನ್ ಇದೆ, ಕಿವಿಗೆ ಹಾಕೋ ಮಿಷನ್ ಇದೆ. ಇನ್ನೊಂದು ಮಾತು. ಪಂಪಿನ ಸದ್ದು ನಿಮಗೆ ಹಿತವಾಗಿದ್ರೂ ಒಳಗಿನ ನರಕ್ಕೆ ಒಳ್ಳೇದಲ್ಲ. ಕಿವಿಗೆ ಮುಚ್ಚಳ ಹಾಕ್ಕೊಂಡೇ ಹತ್ತಿರ ಹೋಗಿ."

"ಹಾಕ್ಕೊಳ್ತೀನಿ. ಆಪರೇಷನ್ ಮಾತು ಆಮೇಲೆ. ಸದ್ಯ ನನಗೆಲ್ಲಿ ಕೇಳತ್ತೆ, ಎಲ್ಲಿ ಕೇಳಲ್ಲ ಅನ್ನೋದನ್ನೂ ಬರ್ಕೊಡಿ."

ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಡಾಕ್ಟರಮ್ಮ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದರು.

*

ತಪ್ಪು ನಡೆದಿರಲಿಲ್ಲ ಎಂದಲ್ಲ. ನಡೆದಿತ್ತು. ತಿಂಗಳ ಮೊದಲ ವಾರ ಹಾಡಹಗಲಲ್ಲಿ ಕರೆಂಟು ಹೋಗಿ ಮೂರೂ ಪಂಪು ನಿಂತವು. ಪಂಪ್‌ಹೌಸು ಬಾವಿಯಂತೆ ತಣ್ಣಗಾಯಿತು. ಆ ಹೊತ್ತಿಗೇ ಮೂಲೆಯ ಫೋನು ಬಡಿದುಕೊಂಡಿತ್ತು. ಪೇಟೆಯ ತಿರುವಿನಲ್ಲಿ ದೊಡ್ಡ ಕೊಳವೆ ಒಡೆದಿದೆ, ಕರೆಂಟು ಬಂದರೂ ಪಂಪು ಹಾಕಬೇಡಿ ಎಂದು ಹೇಳಲು. ಅವಳಿಗೆ ಕೇಳಲಿಲ್ಲ. ಕರೆಂಟು ಬಂತು, ಪಂಪು ಹಾಕಿದಳು. ಮೂರು ಅಂಗಡಿಗಳಿಗೆ ಮೊಣಕಾಲುದ್ದ ನೀರು ನುಗ್ಗಿತು.

ಹೊರಗೆ ವಾಲ್ವು ಬಿಚ್ಚುತ್ತಿದ್ದ ಫಿಟ್ಟರಣ್ಣ ಫೋನಿನ ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ಅದು ನಿಂತಿತ್ತು; ಯಾಕೆ ಬಂದಿತ್ತೆಂದು ಅವನಿಗೂ ತಿಳಿಯಲಿಲ್ಲ. ಸಂಜೆ ಅವನು ಪಂಪ್‌ಹೌಸಿನ ದಿನಚರಿ ಪುಸ್ತಕದಲ್ಲಿ ದುಂಡು ಅಕ್ಷರದಲ್ಲಿ ಬರೆದ: 'ಫೋನು ಏಳೆಂಟು ಸಲ ಬಡಿಯಿತು. ಆಪರೇಟರು ಎತ್ತಲಿಲ್ಲ.'

"ಬರೆಯೋ ಮುಂಚೆ ನನ್ನ ಕೇಳ್ಬಾರ್ದಿತ್ತಾ ಫಿಟ್ಟರಣ್ಣ?"

"ಆಗಿದ್ದನ್ನ ಬರೆದೆ ಅಕ್ಕಾ."

ಅದೇ ಕೊನೆ. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಗ್ರೀಸಿನ ಡಬ್ಬಿ ಬೇಕಾದರೂ ಬೆರಳು ತೋರಿಸುತ್ತಿದ್ದಳು.

ಡಾಕ್ಟರಮ್ಮನ ಕಾಗದ ಹಿಡಿದು ಎಂಜಿನಿಯರ ಕೋಣೆಗೆ ಹೋದಾಗ ಅಲ್ಲಿ ಅವಳ ಹೆಸರಿನ ಇನ್ನೊಂದು ಕಾಗದ ಆಗಲೇ ಟೈಪಾಗಿ ಕೂತಿತ್ತು. ಎಂಜಿನಿಯರು ಕೆಟ್ಟವರಲ್ಲ. ಬಂದವರಿಗೆ ಕುರ್ಚಿ ತೋರಿಸದೆ ಮಾತು ಶುರು ಮಾಡುವವರಲ್ಲ. ಆದರೆ ಮೇಜು ನೋಡಿಕೊಂಡು ಮಾತಾಡುವ ಅಭ್ಯಾಸ. ಕೋಣೆಯಲ್ಲಿ ಗಡಿಯಾರದ ಸದ್ದೂ ಇರಲಿಲ್ಲ, ಅಥವಾ ಅವಳಿಗೆ ಇರಲಿಲ್ಲ.

"ಸಾರ್, ಮುಖ ಎತ್ತಿ ಮಾತಾಡಿ."

ಅವರು ಮುಖ ಎತ್ತಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಟಪಾಲು ವಿಭಾಗಕ್ಕೆ ಬನ್ನಿ. ಗಲಾಟೆ ಇಲ್ಲ, ಗ್ರೀಸ್ ಇಲ್ಲ, ಫ್ಯಾನ್ ಕೆಳಗೆ ಕೂತು ಕಾಗದ ವಿಂಗಡಿಸೋದು. ಕಿವಿ ದೋಷದಿಂದ ಪಂಪಿನ ಕೆಲಸ ಆಗಲ್ಲ ಅಂತ ಇಲ್ಲೊಂದು ಸಹಿ ಹಾಕಿ, ಸಾಕು."

ಟಪಾಲು ವಿಭಾಗವನ್ನು ಅವಳು ನೋಡಿದ್ದಳು. ಆರು ಜನ ಪಿಸುಮಾತಿನಲ್ಲಿ ಇಡೀ ದಿನ ಕಳೆಯುವ ಕೋಣೆ. ಅಲ್ಲಿ ಕೂತರೆ ಒಂದೇ ವಾರಕ್ಕೆ ತಾನೂ ಎಲ್ಲದಕ್ಕೂ ನಕ್ಕು ತಲೆಯಾಡಿಸುತ್ತೇನೆ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು.

"ಆಗಲ್ಲ ಸಾರ್."

"ಏನಾಗಲ್ಲ?"

"ಸಹಿ ಹಾಕೋದು. ಪಂಪ್‌ಹೌಸಲ್ಲಿ ನನಗೆ ಕೇಳತ್ತೆ. ಈ ನಿಮ್ಮ ಕೋಣೇಲೇ ಕೇಳದಿರೋದು. ಅಲ್ಲಿ ಬಂದು ವಿಚಾರಣೆ ಮಾಡಿ."

"ಹಾಗೆಲ್ಲ ಪದ್ಧತಿ ಇಲ್ಲಮ್ಮ."

"ಈಜು ಬರತ್ತಾ ಅಂತ ಯಾರನ್ನಾದ್ರೂ ಮೇಜಿನ ಮೇಲೆ ಮಲಗಿಸಿ ನೋಡ್ತಾರಾ ಸಾರ್?"

ಬಾಗಿಲ ಬಳಿ ಇದ್ದ ಗುಮಾಸ್ತರು ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿಕೊಂಡರು. ಎಂಜಿನಿಯರು ಹಾಳೆಯ ಹಿಂಬದಿ ಓದಿದರು, ಮತ್ತೆ ಓದಿದರು. "ಗುರುವಾರ ಹನ್ನೆರಡಕ್ಕೆ," ಎಂದರು.

ಸುದ್ದಿ ಕೇಳಿದ ಅತ್ತೆ ಅಡುಗೆಮನೆಗೆ ಹೋಗಿ ಖಾಲಿ ಮಿಕ್ಸಿ ಹಾಕಿದರು. ಕಿವಿಯ ವಿಷಯ ತಿಳಿದಂದಿನಿಂದ ಮುಖ್ಯವಾದದ್ದೇನಾದರೂ ಹೇಳಬೇಕಾದರೆ ಅವರು ಹಾಗೆ ಮಾಡುತ್ತಿದ್ದರು. ಮಿಕ್ಸಿಯ ಮೇಲೆ ಕೈಯಿಟ್ಟುಕೊಂಡೇ ಕೂಗಿದರು, "ಫ್ಯಾನ್ ಕೆಳಗೆ ಕೂರು ಅಂದ್ರೆ ಬೇಡ ಅಂದ್ಯಂತೆ! ಎತ್ತು ಏರಿಗೆಳೆದ್ರೆ ನೀನು ನೀರಿಗೆಳೀತೀಯ!"

"ಅತ್ತೆ, ಮಿಕ್ಸಿ ಸುಟ್ಟು ಹೋಗತ್ತೆ."

"ಹೋಗ್ಲಿ! ನನ್ನ ಮಗ ಆ ಪಂಪನ್ನ ಹೆಂಡ್ತಿಗಿಂತ ಚೆನ್ನಾಗಿ ನೋಡ್ಕೊಂಡಿದ್ದ. ಯಾರೋ ಬಿಡು ಅಂದ್ರೆ ಬಿಟ್ಟುಬಿಡ್ಬೇಡ!" ಎಂದು ಮಿಕ್ಸಿ ಆರಿಸಿ, ಮತ್ತೆ ಏನೋ ಗೊಣಗಿದರು. ಅದು ಕೇಳಲಿಲ್ಲ. ಬೈಗುಳವೇ ಇರಬೇಕು.

*

ಗುರುವಾರಕ್ಕೆ ಮೂರು ದಿನವಿತ್ತು. ಪಂಪಿನಕ್ಕ ರೇಡಿಯೋ ರಿಪೇರಿ ಅಂಗಡಿಯವನ ತಲೆ ತಿಂದು, ಫೋನು ಬಡಿದಾಗ ದೀಪ ಹತ್ತುವ ಹಾಗೆ ಒಂದು ಚಿಕ್ಕ ಪೆಟ್ಟಿಗೆ ಮಾಡಿಸಿಕೊಂಡಳು. ವೈರನ್ನು ತಾನೇ ಎಳೆದಳು. ಒಂದು ಕೆಂಪು ಬಲ್ಬು ಸ್ವಿಚ್ಚುಗಳ ಬೋರ್ಡಿನ ಮೇಲೆ, ಇನ್ನೊಂದು ಎದುರು ಗೋಡೆಯಲ್ಲಿ. ಬೆನ್ನು ತಿರುಗಿಸಿ ನಿಂತಿದ್ದರೆ ಒಂದು ಕಾಣದಿದ್ದರೂ ಇನ್ನೊಂದು ಕಾಣಬೇಕಲ್ಲ. ಏಣಿ ಹಳೆಯದು, ಒಂದು ಕಾಲು ಗಿಡ್ಡ. ಮೇಲೆ ನಿಂತು ಮೊಳೆ ಹೊಡೆಯುವಾಗ ಅದು ಓಲಾಡುತ್ತಿದ್ದುದು ಇದ್ದಕ್ಕಿದ್ದಂತೆ ನಿಂತಿತು. ಕೆಳಗೆ ನೋಡಿದರೆ ಫಿಟ್ಟರಣ್ಣ ಎರಡೂ ಕೈಯಲ್ಲಿ ಏಣಿ ಹಿಡಿದು, ಎತ್ತಲೋ ನೋಡುತ್ತ ನಿಂತಿದ್ದ. ಅವಳು ಇಳಿದ ಮೇಲೆ ಏಣಿ ಬಿಟ್ಟು ಹೋದ.

ಗುರುವಾರ ಎಂಜಿನಿಯರೂ ಗುಮಾಸ್ತರೂ ಬಂದಾಗ ಮೂರೂ ಪಂಪು ಓಡುತ್ತಿದ್ದವು. ನೆಲ ಅಂಗಾಲಿಗೆ ನಡುಗುತ್ತಿತ್ತು. ಎಂಜಿನಿಯರು ವಿಚಾರಣೆಯ ಮೊದಲ ಪ್ರಶ್ನೆ ಓದಿದರು. ಅವಳು ಕಿವಿಯ ಮುಚ್ಚಳ ತೆಗೆದು ಉತ್ತರ ಕೊಟ್ಟಳು.

"ಆಂ?" ಎಂದರು ಎಂಜಿನಿಯರು.

ಅವಳು ಮತ್ತೆ ಹೇಳಿದಳು.

"ಆಂ? ಏನು?" ಅವರು ಕಿವಿಗೆ ಕೈ ಅಡ್ಡ ಹಿಡಿದರು. "ಪಂಪು ನಿಲ್ಲಿಸಿ!"

"ಒಂದು ಗಂಟೆವರೆಗೆ ನೀರು ಬಿಡೋ ಹೊತ್ತು ಸಾರ್, ನಿಲ್ಲಿಸೋ ಹಾಗಿಲ್ಲ. ಕೂಗಿ, ನನಗೆ ಕೇಳತ್ತೆ. ನಾನು ಬರ್ದು ತೋರಿಸ್ತೀನಿ, ನಿಮಗೆ ಕಷ್ಟ ಆಗ್ಬಾರ್ದು." ಬೋರ್ಡಿನ ಪಕ್ಕದ ಸ್ಲೇಟು ತೆಗೆದುಕೊಂಡಳು.

ಹೀಗೆ ವಿಚಾರಣೆ ನಡೆಯಿತು. ಎಂಜಿನಿಯರು ಕೂಗುವುದು, ಅವಳು ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸುವುದು. ಗುಮಾಸ್ತರು ಬೆವರೊರೆಸಿಕೊಳ್ಳುತ್ತ, ದೂರದಲ್ಲಿದ್ದ ಫಿಟ್ಟರಣ್ಣನ ಕಿವಿಗೆ ಬಾಯಿಟ್ಟು ಕೂಗಿದರು, "ಈ ಹೆಂಗಸಿನ ಹತ್ರ ಗೆಲ್ಲೋಕಾಗಲ್ಲ ಕಣಯ್ಯ, ಬೇಗ ಮುಗಿಸಿ ಹೊರಟ್ರೆ ಸಾಕು!"

"ಎಲ್ಲರೂ ಗೆಲ್ಲೋಕೇ ಬಂದಿದೀರಾ ಗುಮಾಸ್ತರೇ?" ಎಂದಳು ಪಂಪಿನಕ್ಕ, ಮೂರನೇ ಪಂಪಿನ ಆಚೆಯಿಂದ.

ಗುಮಾಸ್ತರ ಪೆನ್ನು ಕೆಳಗೆ ಬಿತ್ತು. ಫಿಟ್ಟರಣ್ಣ ಅದನ್ನು ಎತ್ತಿಕೊಟ್ಟು, ಮೀಸೆಯ ಮೇಲೆ ಕೈಯಿಟ್ಟುಕೊಂಡ.

ಆಮೇಲೆ ಸಲಾಕೆ. ಎಂಜಿನಿಯರು ಅದನ್ನು ತಮ್ಮ ಕಿವಿಗೆ ಹಚ್ಚಿ, ಮೂರು ಪಂಪುಗಳನ್ನೂ ಕೇಳಿ, ಎಲ್ಲ ಒಂದೇ ಥರ ಎಂದು ತಲೆಯಲ್ಲಾಡಿಸಿದರು. ಅವಳು ಕಿವಿಗೆ ಮುಚ್ಚಳ ಹಾಕಿಕೊಂಡು, ಸಲಾಕೆಯನ್ನು ಅದರ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿದಳು. ಒಂದನೆಯದು ಮರಳು ಜರಡಿ ಹಿಡಿದಂತೆ. ಎರಡನೆಯದು ದಪ್ಪ ದನಿಯಲ್ಲಿ, ನಿದ್ದೆ ಮಾಡುವವರ ಉಸಿರಿನಂತೆ. ಮೂರನೆಯದರ ಎಡ ಬೇರಿಂಗಿಗೆ ಹೋದ ವಾರ ಗ್ರೀಸು ಹಾಕಿದ್ದು, ಒದ್ದೆ ಬಟ್ಟೆಯ ಮೇಲೆ ಕೈಯಾಡಿಸಿದಂತೆ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು, ಏನೋ ಕೆಟ್ಟಿರುವುದನ್ನು ಹುಡುಕಿ ಕೊಡುತ್ತಾಳೆಂದು.

"ಎಲ್ಲಾ ಸರಿ ಇದೆ," ಎಂದಳು.

"ಅಷ್ಟೇನಾ?" ಎಂಜಿನಿಯರು ಕೂಗಿದರು. "ಅದನ್ನ ಯಾರು ಬೇಕಾದ್ರೂ ಹೇಳ್ಬಹುದು!"

ಅವಳು ಸ್ಲೇಟು ಒರೆಸಿ ಬರೆದಳು: 'ಸರಿ ಇದೆ ಅಂತ ಹೇಳೋದಕ್ಕೂ ಕೇಳಿಸ್ಕೋಬೇಕು ಸಾರ್.'

ಒಂದು ಗಂಟೆಗೆ ಅವಳೇ ಒಂದೊಂದಾಗಿ ಪಂಪು ನಿಲ್ಲಿಸಿದಳು. ಕೊನೆಯದು ನಿಂತಾಗ ಅವಳ ಪಾಲಿಗೆ ಪಂಪ್‌ಹೌಸಿನ ಬಾಗಿಲು ಮುಚ್ಚಿದಂತಾಯಿತು. ಬೇರೆಯವರ ಮುಖಗಳು ಸಡಿಲಾದವು. ಅವರಿಗೆ ಈಗ ಕೇಳುತ್ತಿತ್ತು. ಅವರು ಕೇಳುವ ಮೊದಲೇ ಅವಳು ಹೇಳಿಬಿಟ್ಟಳು: "ಈಗ ನನಗೆ ಸರಿಯಾಗಿ ಕೇಳಲ್ಲ ಸಾರ್. ಅವತ್ತು ಕೇಳದಿದ್ದದ್ದೂ ಹೀಗೇ. ತಪ್ಪು ನಂದೇ. ಹೀಗಾಗತ್ತೆ ಅಂತ ಮುಂಚೆನೇ ಯಾರಿಗಾದ್ರೂ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅಂಗಡಿಯವರ ಹತ್ರ ಹೋಗಿ ಒಪ್ಕೊಂಡು ಬಂದಿದೀನಿ."

ಎಂಜಿನಿಯರು ಗುಮಾಸ್ತರಿಗೆ ಕಣ್ಣು ಸನ್ನೆ ಮಾಡಿದರು. ಗುಮಾಸ್ತರು ಹೊರಗೆ ಹೋದರು. ಅವಳು ಮೂರನೇ ಪಂಪಿನ ಕಡೆ ಬಗ್ಗಿ ಎಣ್ಣೆ ಒರೆಸುತ್ತಿದ್ದಳು. ಎದುರು ಗೋಡೆಯಲ್ಲಿ ಕೆಂಪು ದೀಪ ಮಿನುಗಿತು. ಕೈಯೊರೆಸಿಕೊಂಡು ಹೋಗಿ ಫೋನೆತ್ತಿ, ರಿಸೀವರನ್ನು ಕಿವಿಯ ಹಿಂದಿನ ಮೂಳೆಗೆ ಗಟ್ಟಿಯಾಗಿ ಒತ್ತಿ ಹಿಡಿದಳು.

"ನಾನು, ಗುಮಾಸ್ತ..."

"ಗೊತ್ತಾಯ್ತು. ಬಿಸಿಲಲ್ಲಿ ಯಾಕೆ ನಿಂತಿದೀರಿ, ಒಳಗೆ ಬನ್ನಿ."

ಎಂಜಿನಿಯರು ಈ ಸಲ ತಾವಾಗಿಯೇ ಎದುರಿಗೆ ಬಂದು ನಿಂತರು. "ಅವತ್ತು ಕರೆಂಟ್ ಇರ್ಲಿಲ್ಲ. ಕರೆಂಟ್ ಹೋದ್ರೆ ನಿಮ್ಮ ದೀಪ ಹತ್ತತ್ತಾ?"

ಅವಳು ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಹೊರಗಿದ್ದ ಗುಮಾಸ್ತರು ಮತ್ತೊಮ್ಮೆ ಫೋನು ಮಾಡಬೇಕಾಯಿತು. ದೀಪ ಹತ್ತಿತು, ಅವಳು ಫೋನೆತ್ತಿ ಇಟ್ಟಳು. "ಬ್ಯಾಟರಿ," ಎಂದಳು.

"ಬಲ್ಬು ಸುಟ್ಟುಹೋದ್ರೆ?"

"ಒಂದು ಹೋದ್ರೆ ಇನ್ನೊಂದಿದೆ. ಗಂಟೆನೂ ಕೆಡತ್ತೆ ಸಾರ್. ಕಿವಿನೂ ಕೆಡತ್ತೆ."

ಎಂಜಿನಿಯರು ಚೀಲದಿಂದ ಟೈಪಾದ ಆ ಕಾಗದವನ್ನೇ ತೆಗೆದು ಮೇಜಿನ ಮೇಲಿಟ್ಟರು. "ನಾನು ಒಬ್ಬನೇ ನಿರ್ಧಾರ ಮಾಡೋದಲ್ಲಮ್ಮ. ಮೇಲಿನವರು ಕೇಳ್ತಾರೆ. ಏನಾದ್ರೂ ಒಂದು ಬರೆದುಕೊಡಿ."

ಸಹಿ ಹಾಕಬೇಕಾದ ಗೆರೆಯ ಮೇಲೆ ಅವಳು ನಿಧಾನವಾಗಿ, ಶಾಲೆಯ ಅಕ್ಷರದಲ್ಲಿ ಬರೆದಳು: 'ಒಪ್ಪಿಗೆ ಇಲ್ಲ. ಕೇಳುವ ಕಡೆ ಕೇಳುತ್ತೇನೆ. ಕೇಳದ ಕಡೆ ದೀಪ ಹಾಕಿದ್ದೇನೆ.' ಅದರ ಕೆಳಗೆ ಸಹಿ ಮಾಡಿ, ಎಂಜಿನಿಯರ ಕಡೆ ತಿರುಗಿಸಿದಳು.

ಎಂಜಿನಿಯರು ಓದಿ ಫಿಟ್ಟರಣ್ಣನ ಕಡೆ ನೋಡಿದರು. "ಅವತ್ತು ಬರೆದೋರು ನೀವು. ಈಗ ಏನಂತೀರಿ? ಈಯಮ್ಮನ ಜೊತೆ ಕೆಲಸ ಮಾಡೋಕೆ ಧೈರ್ಯ ಇದೆಯಾ?"

ಫಿಟ್ಟರಣ್ಣ ಮೊದಲು ಜಾಗ ಬದಲಿಸಿದ. ಅವಳಿಗೆ ತನ್ನ ಬಾಯಿ ಕಾಣುವ ಕಡೆ ಬಂದು ನಿಂತು ಹೇಳಿದ, "ಅವತ್ತು ಎತ್ತಲಿಲ್ಲ, ಬರೆದೆ. ಇವತ್ತು ಎರಡು ಸಲ ಎತ್ತಿದ್ರು, ಅದನ್ನೂ ಬರೀತೀನಿ. ಧೈರ್ಯದ ಮಾತು ಅಂದ್ರೆ, ಈ ಪಂಪುಗಳನ್ನ ಇವರಿಲ್ದೆ ಓಡಿಸೋಕೆ ನನಗೆ ಧೈರ್ಯ ಇಲ್ಲ ಸಾರ್."

ಎಂಜಿನಿಯರು ಕಾಗದ ಮಡಚಿ ಜೇಬಿಗಿಟ್ಟರು. ಬಾಗಿಲವರೆಗೆ ಹೋದವರು ಏನೋ ನೆನಪಾದಂತೆ ತಿರುಗಿ, ಮುಖ ಎತ್ತಿ, ತುಟಿ ಬಿಡಿಸಿ ಹೇಳಿದರು: "ಮೇಲಿಂದ ಉತ್ತರ ಬರೋವರೆಗೆ ನೀವು ಇಲ್ಲೇ."

"ಬಂದ ಮೇಲೂ ಇಲ್ಲೇ ಸಾರ್," ಎಂದಳು ಪಂಪಿನಕ್ಕ.

ಅವರು ಹೋದರು. ಅವಳು ಸ್ಟೂಲಿನ ಮೇಲೆ ಕೂತಳು. ಆಗಲೇ ಗೊತ್ತಾದದ್ದು, ಹೊಟ್ಟೆ ಹಸಿದಿದೆ ಎಂದು. ಬೆಳಗಿನ ಗಡಿಬಿಡಿಯಲ್ಲಿ ಊಟ ಕಟ್ಟಿಕೊಂಡು ಬಂದಿರಲಿಲ್ಲ. ಸಂಜೆ ಆರರವರೆಗೆ ಅವಳ ಪಾಳಿ. ಫಿಟ್ಟರಣ್ಣ ಪುಸ್ತಕದಲ್ಲಿ ಬರೆದು ಮುಗಿಸಿ, ನಲ್ಲಿಯಲ್ಲಿ ಕೈ ತೊಳೆದುಕೊಂಡು, ಮೂಲೆಯ ಗೂಡಿನಿಂದ ತನ್ನ ಊಟದ ಡಬ್ಬಿ ತಂದ. ಮುಚ್ಚಳ ತೆಗೆದು ಅದರಲ್ಲಿ ತನಗೆಂದು ಎರಡು ತುತ್ತಿನಷ್ಟು ಹಾಕಿಕೊಂಡ. ಉಳಿದದ್ದೆಲ್ಲ ಇದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಎದುರಿಗೆ ಬಂದು ಚಾಚಿದ.